ಪೇರಲ ಹಣ್ಣಿಗೆ ಕೇಳಿದಷ್ಟು ಕೊಟ್ಟ ದಿನ

ಸಂಕ್ರಮಣ ಮುಗಿದ ವಾರ, ಬೆಳಗಿನ ಎಂಟರ ಬಸ್ಸಿಗೆ ಮೊಮ್ಮಗಳು ರೇಣುಕಾಳನ್ನು ಕರೆದುಕೊಂಡು ಅಗಡಿಯಿಂದ ಹಾವೇರಿಗೆ ಹೊರಟೆ. ನನಗೆ ಐದು ರೂಪಾಯಿ, ಅವಳಿಗೆ ಅರ್ಧ ಟಿಕೀಟು. ಹತ್ತು ವರ್ಷದ ಹುಡುಗಿ, ಎರಡು ತಿಂಗಳು ವಿಷಮಜ್ವರದಲ್ಲಿ ಮಲಗಿ ಎದ್ದಿದ್ದಳು. ಕಿಟಕಿ ಪಕ್ಕ ಕೂರಿಸಿದರೂ ಹೊರಗೆ ನೋಡಲಿಲ್ಲ. ಗಾಳಿ ತಣ್ಣಗಿತ್ತು, ಸೆರಗು ಹೊದಿಸಿದೆ.

ಹಾವೇರಿಯ ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಜ್ವರ ಪೂರಾ ಹೋಗೇತ್ರಿ ಅಮ್ಮಾರ. ಇನ್ನ ಏನು ಬೇಡತಾಳ ಅದನ್ನ ತಿನ್ನಸ್ರಿ" ಎಂದರು. ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು. ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ.

"ಆದ್ರ ಏನೂ ಬೇಡಂಗಿಲ್ಲಲ್ರಿ ಸಾಹೇಬ್ರ. ನಾಕು ತುತ್ತು ಉಂಡು ಕೈ ತೊಳೀತಾಳ."

"ಅದಕ್ಕ ನನ್ನ ಕಡೆ ಗುಳಿಗಿ ಇಲ್ರಿ. ಆಸೆ ತಾನ ಬರಬೇಕು."

ತಾನಾಗಿ ಬರಲಿ ಎಂದು ಮನೆಯಲ್ಲಿ ಕುಳಿತರೆ ಯಾವಾಗ ಬಂದೀತು? ಬ್ಯಾಡಗಿಗೆ ವರ್ಷದ ಮೆಣಸಿನಕಾಯಿ ತರಲು ಹೇಗೂ ಹೋಗುವುದಿತ್ತು. ಇವಳನ್ನೂ ಪೇಟೆಯಿಂದ ಪೇಟೆಗೆ ತಿರುಗಿಸುತ್ತೇನೆ, ಏನಾದರೊಂದು ಬೇಕು ಅನ್ನಲಿ ಅಂದುಕೊಂಡೆ. ಅವಳು ಮಲಗಿದಾಗಿನಿಂದ ನಾನು ಸಂತೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಚೌಕಾಸಿ ಮಾಡಲಿಕ್ಕೂ ಮನಸ್ಸು ಬೇಕು. ಅವತ್ತು ಬಂತು.

ಮೊದಲು ಬಳೆ ಅಂಗಡಿಗೆ ಹೋದೆವು. ಹಸಿರು ಗಾಜಿನ ಬಳೆ, ಡಜನ್ನಿಗೆ ಹನ್ನೆರಡು ಎಂದ. ಆರಕ್ಕೆ ಕೇಳಿದೆ, ಒಲ್ಲೆ ಅಂದ. ನಮ್ಮಲ್ಲಿ ಇದಕ್ಕೊಂದು ಪದ್ಧತಿ ಇದೆ. ಬೇಡ ಎಂದು ಹತ್ತು ಹೆಜ್ಜೆ ಹೋಗಬೇಕು, ಅಂಗಡಿಯವನು ಕರೆಯುತ್ತಾನೆ. ನಾನಿನ್ನೂ ಎರಡು ಹೆಜ್ಜೆ ಇಟ್ಟಿರಲಿಲ್ಲ, ರೇಣುಕಾ ಆಗಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದಳು. ಅವನು ಹತ್ತು ಅಂದ, ಎಂಟು ಅಂದ, ಅವಳು ತಿರುಗಲಿಲ್ಲ. ಕೊನೆಗೆ ಐದಕ್ಕೇ ಕಟ್ಟಿಕೊಟ್ಟ.

"ಮೊಮ್ಮಗಳು ನಿಮಗಿಂತ ಗಟ್ಟಿ ಅದಾಳ ಬಿಡ್ರಿ. ಎಷ್ಟು ಕೂಗಿದ್ರೂ ಹೊಳ್ಳಿ ಸೈತ ನೋಡಲಿಲ್ಲ!"

ಅವನಿಗೆ ಅದು ಚೌಕಾಸಿಯಾಗಿ ಕಂಡಿತ್ತು. ಬೇರೆ ದಿನವಾಗಿದ್ದರೆ ಐದು ರೂಪಾಯಿಯ ಬಳೆಯನ್ನು ಓಣಿಗೆಲ್ಲ ತೋರಿಸುತ್ತಿದ್ದೆ. ಅವಳ ಕೈಗೆ ತೊಡಿಸಿದೆ. ಸಡಿಲವಾಗಿ ಮೊಣಕೈವರೆಗೂ ಏರಿದವು.

ಬ್ಯಾಡಗಿ ಬಸ್ಸು ತುಂಬಿತ್ತು, ಒಂದು ತಾಸಿನ ಹಾದಿ. ಊರು ಬರುವ ಮೊದಲೇ ಗಂಟಲು ಕೆರೆಯಿತು. ಎಲ್ಲಿ ನೋಡಿದರೂ ಕೆಂಪು ರಾಶಿ, ರಾಶಿಯ ಸುತ್ತ ತೊಟ್ಟು ಮುರಿಯುವ ಹೆಂಗಸರು. ನಾನು ಇಡೀ ಕಾಯಿ ಕೊಳ್ಳುವುದಿಲ್ಲ. ಮುರುಕು ಕಾಯಿಗೂ ಅದೇ ಬಣ್ಣ, ದರ ಅರ್ಧ. ಒಬ್ಬಳ ರಾಶಿಯಿಂದ ಮುಷ್ಟಿಯಲ್ಲಿ ಹಿಡಿದು ಹಿಚುಕಿದೆ. ಗರಗರ ಅನ್ನಲಿಲ್ಲ.

"ತೂಕ ಬರಲಿ ಅಂತ ನೀರು ಹೊಡದೀಯಲ್ಲವಾ ತಂಗಿ?" ಎಂದೆ.

"ಮಂಜು ಬಿದ್ದೇತಿ ಅಕ್ಕಾರ."

"ನಿನ್ನ ರಾಶಿಗಷ್ಟ ಬಿದ್ದೇತೇನು?"

ಪಕ್ಕದವರು ಘೊಳ್ಳೆಂದು ನಕ್ಕರು. ಅವಳೂ ನಕ್ಕು, ಕೆಳಗಿನ ಚೀಲದಿಂದ ಒಣಗಿದ್ದನ್ನು ತೆಗೆದು ಕಿಲೋಕ್ಕೆ ಇಪ್ಪತ್ತೈದರಂತೆ ಕೊಟ್ಟಳು. ಅಷ್ಟರಲ್ಲಿ ರೇಣುಕಾ ಸೀನಲು ಶುರುಮಾಡಿದಳು. ಒಂದರ ಹಿಂದೆ ಒಂದು, ಏಳು ಸೀನು. ಕಣ್ಣು ಮೂಗು ಎಲ್ಲ ಸುರಿಯಿತು. ನಾನು ಗಾಬರಿಯಾದೆ. ಆ ಹೆಂಗಸು, "ಸೀನ್ಲಿ ಬಿಡ್ರಿ, ತಲಿ ಹಗುರಾಗತೇತಿ" ಎಂದಳು. ರೇಣುಕಾ ಮೂಗು ಒರೆಸಿಕೊಂಡು, "ಆಯಿ, ಇಲ್ಲಿ ಏನ್ ಘಾಟು ಐತಿ!" ಎಂದಳು. ತಾನಾಗಿ ಆಡಿದ ಮಾತು ಅಂದು ಅದೇ ಮೊದಲನೆಯದು. ಆದರೂ ಬೇಕು ಅನ್ನುವ ಮಾತು ಬರಲಿಲ್ಲ. ರಾಣೆಬೆನ್ನೂರಿನ ಬಸ್ಸು ನಿಂತಿತ್ತು, ಹತ್ತಿಸಿದೆ.

ರಾಣೆಬೆನ್ನೂರಿನಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬ ತಳ್ಳುಗಾಡಿಯಲ್ಲಿ ಪೇರಲ ಹಣ್ಣು ಕೊಯ್ದು ಉಪ್ಪು-ಖಾರ ಸವರುತ್ತಿದ್ದ. ನಡೆಯುತ್ತಿದ್ದ ರೇಣುಕಾ ನಿಂತಳು. ಮೂಗು ಎತ್ತಿ ವಾಸನೆ ಹಿಡಿದಳು.

"ಆಯಿ, ನನಗದು ಬೇಕು."

ಬೆಳಗಿನಿಂದ ಕಾದಿದ್ದ ಮಾತು ಬಂದಿತ್ತು. ಆದರೂ ಹಳೆಯ ಚಾಳಿ, ಬಾಯಿ ಸುಮ್ಮನಿರಲಿಲ್ಲ. "ಹೆಂಗಪಾ?" "ಎರಡು ರೂಪಾಯಿಗೊಂದ್ರಿ." "ಐದಕ್ಕ ನಾಕು ಕೊಡು." "ಬರೂದಿಲ್ರಿ." ಹತ್ತು ಹೆಜ್ಜೆ ಹೋದೆ. ಅವನು ಕರೆಯಲಿಲ್ಲ. ತಿರುಗಿ ನೋಡಿದರೆ ರೇಣುಕಾ ಗಾಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾಳೆ.

"ನೀವು ಹೋಗ್ರಿ ಅಮ್ಮಾರ" ಎಂದ ಅವನು. "ನನ್ನ ಗಿರಾಕಿ ಇಲ್ಲೇ ನಿಂತೇತಿ."

ಮರಳಿ ಹೋಗಿ ಎಂಟು ರೂಪಾಯಿ ಕೊಟ್ಟೆ. ಮನೆಯಿಂದ ತಂದ ಕಾಯಿಸಿದ ನೀರಲ್ಲಿ ಹಣ್ಣು, ಅವನ ಚಾಕು, ಎರಡನ್ನೂ ತೊಳೆಸಿದೆ. "ನನಗೂ ಜಳಕ ಮಾಡಸ್ರಿ" ಎಂದು ಅವನು ಗೊಣಗಿದ. ರೇಣುಕಾ ಮೂರು ತಿಂದಳು. ನಾಲ್ಕನೆಯದರಲ್ಲಿ ನನಗೆ ಒಂದು ಹೋಳು ಕೊಟ್ಟು, ಉಳಿದದ್ದನ್ನು ಆ ಕಡೆ ತಿರುಗಿ ತಿಂದಳು.

ಹಾವೇರಿಯ ಬಸ್ಸು ಹೊರಟ ಮೇಲೆ ಅವಳಿಗೆ ಸಿಟ್ಟು ಬಂತು.

"ಆಯಿ, ನಿನಗ ಬುದ್ಧಿ ಐತೇನು? ನೀ ಆ ಕಡೆ ಹೋದಿ. ಅವ ಗಾಡಿ ದಬ್ಬಿಕೊಂಡು ಈ ಕಡೆ ಹೋಗಿದ್ರ?"

"ಕರೀತಾನ ಅಂತ ಮಾಡಿದ್ನೆವಾ."

"ಕರದನೇನು? ಮೂರು ರೂಪಾಯಿ ಸಲುವಾಗಿ ಯಾರರ ಹಿಂಗ ಮಾಡ್ತಾರೇನು?"

ಮೋಟೆಬೆನ್ನೂರು ದಾಟುವವರೆಗೂ ಬೈದಳು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ನಾನು ನಗು ಕಾಣದಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇನ್ನಷ್ಟು ಬೈಯಲಿ ಎಂದು ಕುಳಿತೆ.