ಫೋನಿನಲ್ಲಿ ಕೇಳಿಸದ ವರ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ಕಾರ್ತಿಕದ ದೀಪ ಹಚ್ಚುವ ದಿನಗಳು. ನಮ್ಮ ಮಗಳು ಅಶ್ವಿನಿಗೆ ಹುಮನಾಬಾದಿನಿಂದ ಒಂದು ಸಂಬಂಧ ಬಂತು. ನಾವು ಬಸವಕಲ್ಯಾಣದವರು. ಯಜಮಾನರದು ಕಿರಾಣಿ ಅಂಗಡಿ. ನನ್ನದು ಮನೆ, ಪೂಜೆ, ಸೋಮವಾರದ ಹೆಣ್ಣುಮಕ್ಕಳ ಭಜನೆ, ಇಷ್ಟೇ. ಹುಡುಗನ ಹೆಸರು ಮಲ್ಲಿಕಾರ್ಜುನ. ಮನೆತನ ಒಳ್ಳೆಯದು, ತಂದೆ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದಾಗ, ಸಂಬಂಧ ತಂದ, ನಿರ್ಣಾ ಊರಿನ ನಮ್ಮ ದೂರದ ಅಣ್ಣ ಸ್ವಲ್ಪ ಕೆಮ್ಮಿ, "ಹೈದರಾಬಾದಿನಾಗ ರಾಕ್ ಬ್ಯಾಂಡಿನೊಳಗ ಬೇಸ್ ಗಿಟಾರ್ ಬಾರಸ್ತಾನ ತಂಗಿ" ಎಂದರು.

ಆ ಕೆಮ್ಮು ನನಗೆ ಸರಿಬರಲಿಲ್ಲ.

ನಾನು ಹಾಗೆ ಶಂಕಿಸಲು ಕಾರಣವಿತ್ತು. ಅದರ ಹಿಂದಿನ ವರ್ಷ ಒಂದು ಸಂಬಂಧ ನಿಶ್ಚಯದವರೆಗೂ ಬಂದಿತ್ತು. ಹುಡುಗ ಹೇಳಿದ ನೌಕರಿಯೇ ಇಲ್ಲವೆಂದು ಕೊನೆಗೆ ತಿಳಿಯಿತು. ಮುಂಜಾನೆ ಡಬ್ಬಿ ಕಟ್ಟಿಸಿಕೊಂಡು ಹೋಗಿ ಸಂಜೆ ಮರಳುತ್ತಿದ್ದನಂತೆ, ನಡುವೆ ಎಲ್ಲಿರುತ್ತಿದ್ದನೋ ಅವನ ತಾಯಿಗೇ ಗೊತ್ತಿರಲಿಲ್ಲ. ಸಂಬಂಧ ಮುರಿಯಿತು. ಅಶ್ವಿನಿ ಅಳಲಿಲ್ಲ, ಆದರೆ ಮೂರು ತಿಂಗಳು ಓಣಿಯ ಯಾವ ಮದುವೆಗೂ ಬರಲಿಲ್ಲ. ಅಂದೇ ದೇವರ ಮುಂದೆ ಕೂತು ಬೇಡಿಕೊಂಡಿದ್ದೆ, ಬಡವನಾದರೂ ನಡೆದೀತು, ಸುಳ್ಳ ಬೇಡ ಎಂದು. ಇನ್ನೊಮ್ಮೆ ಹಾಗಾದರೆ ಆ ಹುಡುಗಿ ಮದುವೆಯ ಮಾತನ್ನೇ ಎತ್ತಗೊಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಹುಡುಗ ಬಂದು ನೋಡಿ ಹೋದ. ಕೂದಲು ಹಿಂದಕ್ಕೆ ಕಟ್ಟಿದ್ದ. ಮಾತು ಕಡಿಮೆ. ಅಶ್ವಿನಿ ಒಪ್ಪಿದಳು. ಅವನು ಬಾರಿಸುವ ವೀಡಿಯೊ ನನಗೆ ತೋರಿಸಿದಳು. ನಾನು ಕನ್ನಡಕ ಹಾಕಿಕೊಂಡು ಕೂತೆ. ಪಕ್ಕದಲ್ಲಿ ನನ್ನ ನಾದಿನಿ ನಾಗಮ್ಮ, ಹುಡಗಿ ಎಂಬ ಊರಿಗೆ ಕೊಟ್ಟವಳು, ಹಬ್ಬಕ್ಕೆ ಬಂದು ಇನ್ನೂ ಇದ್ದಳು. ವೀಡಿಯೊದಲ್ಲಿ ನಾಲ್ಕು ಜನ. ಒಬ್ಬ ಕಣ್ಣು ಮುಚ್ಚಿ ಕಿರುಚುತ್ತಿದ್ದ. ಒಬ್ಬನ ಗಿಟಾರು ಅವನಿಗಿಂತ ಹೆಚ್ಚು ಕಿರುಚುತ್ತಿತ್ತು. ಒಬ್ಬ ಡ್ರಮ್ಮು ಬಡಿಯುತ್ತಿದ್ದ. ನಮ್ಮ ವರ ಹಿಂದೆ, ಕತ್ತಲೆಯಲ್ಲಿ, ಉದ್ದ ಕುತ್ತಿಗೆಯ ವಾದ್ಯ ಹಿಡಿದು ನಿಂತಿದ್ದ. ದಪ್ಪನೆಯ ನಾಲ್ಕೇ ತಂತಿ. ಬೆರಳುಗಳು ಇರುವೆ ನಡೆದಂತೆ ಓಡಾಡುತ್ತಿದ್ದವು. ಆದರೆ ಅವನದೊಂದು ಧ್ವನಿಯೂ ಕೇಳಿಸಲಿಲ್ಲ.

ಫೋನನ್ನು ಕಿವಿಗೆ ಹಿಡಿದೆ. ಆವಾಜು ಹೆಚ್ಚು ಮಾಡಿಸಿದೆ. ಉಳಿದ ಮೂವರೂ ಕೇಳಿಸಿದರು, ಅವನು ಮಾತ್ರ ಇಲ್ಲ. ನಾಗಮ್ಮ ಅಡಿಕೆ ಕತ್ತರಿಸುತ್ತಲೇ ಅಂದಳು: "ನಮ್ಮೂರ ಲಗ್ನದ ಬ್ಯಾಂಡಿನೊಳಗೂ ಇಂಥವನೊಬ್ಬ ಇದ್ದ ವೈನಿ. ಗಲ್ಲ ಉಬ್ಬಿಸ್ತಿದ್ದ, ಗಾಳಿ ಬಿಡ್ತಿರಲಿಲ್ಲ. ಸಾಲು ತುಂಬಾಕ ನಿಲ್ಲಿಸ್ತಿದ್ರು. ಅಂಗಿ ಮಾತ್ರ ಎಲ್ಲರಕ್ಕಿಂತ ಭಾರಿ."

ಅಶ್ವಿನಿಗೆ ಸಿಟ್ಟು ಬಂತು. ಅದು ಬಹಳ ಕೆಳಗಿನ ಧ್ವನಿ, ಫೋನಿನ ಸಣ್ಣ ಸ್ಪೀಕರಿಗೆ ನಿಲುಕುವುದಿಲ್ಲ ಎಂದಳು. ಕಿವಿಗೆ ವೈರು ಹಾಕಿದಳು. ನನ್ನ ಓಲೆಗೆ ತಾಗಿ ಅದು ನಿಲ್ಲದೆ ಜಾರುತ್ತಿತ್ತು. ಗುಂಯ್ ಎಂದು ಏನೋ ಕೇಳಿಸಿತು, ಅದು ಡ್ರಮ್ಮಿನದೋ ಅವನದೋ ತಿಳಿಯಲಿಲ್ಲ. ಹಿಂದಿನ ಹುಡುಗನೂ ಹೀಗೇ, ಆಫೀಸು ಎಲ್ಲಿದೆ ಎಂದರೆ ಈಗ ಬೇರೆ ಕಡೆಗೆ ಹೋಗಿದೆ ಎನ್ನುತ್ತಿದ್ದ. ಕೇಳಿಸದ ಧ್ವನಿಗೂ ಕಾಣದ ಆಫೀಸಿಗೂ ಏನು ವ್ಯತ್ಯಾಸ ಎಂದು ನನಗೆ ಅನಿಸಿತು.

ನಮ್ಮ ಕಡೆ ನಿಶ್ಚಯದ ಮೊದಲು ಹೆಣ್ಣಿನ ಕಡೆಯವರು ಮನೆ ನೋಡಲು ಹೋಗುವ ಪದ್ಧತಿ. ಒಂದು ಗುರುವಾರ ಯಜಮಾನರು, ನಾನು, ನಾಗಮ್ಮ ಹುಮನಾಬಾದಿಗೆ ಹೊರಟೆವು. ಯಜಮಾನರು ಎಂದಿನಂತೆ ಇಪ್ಪತ್ತು ಮಾರು ಮುಂದೆ. ಮದುವೆಯಾದಾಗಿನಿಂದ ನಾನು ಅವರ ಬೆನ್ನು ನೋಡಿಕೊಂಡೇ ಊರೂರು ತಿರುಗಿದ್ದೇನೆ. ಬಸ್ಸಿನಲ್ಲಿ ನಾಗಮ್ಮ ಏನೇನು ನೋಡಬೇಕು ಎಂದು ಹೇಳಿಕೊಡುತ್ತಲೇ ಇದ್ದಳು. ನನ್ನ ಮನಸ್ಸಿನಲ್ಲಿ ಒಂದೇ ಇತ್ತು, ಆ ವಾದ್ಯ ನೋಡಬೇಕು.

ಹಳೆಯ ಕಲ್ಲಿನ ಮನೆ. ಪಡಸಾಲೆಯಲ್ಲಿ ದೊಡ್ಡ ತೇಗದ ಅಲಮಾರಿ, ಅದರೊಳಗೆ ಹಿತ್ತಾಳೆ ಪಾತ್ರೆಗಳು. ನಾಗಮ್ಮ ಬಚ್ಚಲವರೆಗೂ ಹೋಗಿ ಬಂದಳು. ಚಹಾ, ಮಂಡಕ್ಕಿಯ ಸುಸಲಾ ಆದಮೇಲೆ ಯಜಮಾನರು ಹುಡುಗನನ್ನು ವಿಚಾರಿಸಿದರು. ಡಿಪ್ಲೊಮಾ ಓದಲು ಹೈದರಾಬಾದಿಗೆ ಹೋದವನು, ಹಾಸ್ಟೆಲಿನ ಗೆಳೆಯರ ಜೊತೆ ಬ್ಯಾಂಡು ಕಟ್ಟಿದ್ದ. ಎಲ್ಲರಿಗೂ ಮುಂದೆ ನಿಂತು ಗಿಟಾರ್ ಬಾರಿಸುವ ಆಸೆ, ಬೇಸ್ ಯಾರಿಗೂ ಬೇಡವಾಗಿತ್ತು, ಇವನು ತೆಗೆದುಕೊಂಡ. ಕೆಲವು ವರ್ಷ ಕಾಲೇಜುಗಳಲ್ಲಿ ಬಾರಿಸಿದರು. ಹಾಡುವವನು ಬಿಟ್ಟುಹೋಗಿ ಬ್ಯಾಂಡು ಒಡೆಯಿತು. ಆಮೇಲೆ ಹೋಟೆಲುಗಳಲ್ಲಿ, ರೆಕಾರ್ಡಿಂಗಿನಲ್ಲಿ, ಯಾರು ಕರೆದರೆ ಅವರ ಹಿಂದೆ ನಿಂತು ಬಾರಿಸಿದ. ಈಗ ಮತ್ತೊಂದು ಬ್ಯಾಂಡು, ಪುಣೆ, ಗೋವಾ ಎಂದು ತಿರುಗಾಟ. ಉಳಿದ ದಿನ ಹೈದರಾಬಾದಿನಲ್ಲಿ ಮಕ್ಕಳಿಗೆ ಕಲಿಸುತ್ತಾನೆ.

ನಾನು ಆ ಮಾತಿನಲ್ಲಿ ತೂತು ಹುಡುಕುತ್ತಿದ್ದೆ. ವೀಡಿಯೊದಲ್ಲಿ ಯಾಕೆ ಕತ್ತಲೆಯಲ್ಲಿ ನಿಲ್ಲುತ್ತಾನೆ ಎಂದು ಕೇಳಿದೆ. ದೀಪ ಹಾಡುವವರ ಮೇಲೆ ಬಿಡುತ್ತಾರೆ ಎಂದ. ಅದೂ ನನಗೆ ಪಾಠ ಮಾಡಿಟ್ಟ ಉತ್ತರದಂತೆ ಕೇಳಿಸಿತು. ಅವನ ತಂದೆ ನಗುತ್ತ ಒಂದು ಮಾತು ಹೇಳಿದರು: "ಸಣ್ಣವ ಇದ್ದಾಗ ರಜಾದಾಗ ಬಸ್ಸಿಗೆ ಕರಕೊಂಡು ಹೋಗತಿದ್ದೆರಿ. ಸೀಟು ಕೊಟ್ರ ಒಲ್ಲೆ ಅಂತಿದ್ದ. ಇಂಜಿನ್ನಿನ ಬಾನೆಟ್ಟಿನ ಮ್ಯಾಲೇ ಕುಂಡ್ರಬೇಕು. ಆ ಗುಡುಗುಡು ಕೇಳಕೋತ ಅಲ್ಲೇ ನಿದ್ದಿ ಮಾಡತಿದ್ದ."

ಎಲ್ಲರೂ ನಕ್ಕರು, ನಾನು ನಗಲಿಲ್ಲ. ವಾದ್ಯ ತೋರಿಸು ಅಂದೆ.

ಕರಿ ಚೀಲದಿಂದ ತೆಗೆದ. ಸಣ್ಣದೊಂದು ಸ್ಪೀಕರ್ ಡಬ್ಬಿ ತಂದು ವೈರು ಸಿಕ್ಕಿಸಿದ. ಸ್ವಿಚ್ಚಿಗೆ ಕೈ ಹಾಕುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಫ್ಯಾನು ನಿಂತಿತು. ಅವನು ಹಾಗೆಯೇ ತಂತಿ ಮೀಟಿದ. ಡಬ್ಬಿಗೆ ಕಟ್ಟಿದ ರಬ್ಬರು ಎಳೆದು ಬಿಟ್ಟಂತೆ ಒಂದು ಸಣ್ಣ ಸಪ್ಪಳ, ಅಷ್ಟೇ. ಪಕ್ಕದ ಮನೆಯ ರೊಟ್ಟಿ ಬಡಿಯುವ ಸದ್ದು ಅದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು.

"ಕರೆಂಟ್ ಬೇಕ್ರಿ ಇದಕ್ಕ" ಎಂದ.

ನಾಗಮ್ಮ ನನ್ನ ತೊಡೆ ಚಿವುಟಿದಳು. ಮತ್ತೆ ಅದೇ ಆಯಿತಲ್ಲ ದೇವರೇ ಅಂದುಕೊಂಡೆ. ಮನೆಗೆ ಹೋಗಿ ಅಶ್ವಿನಿಗೆ ಏನು ಹೇಳಲಿ? ಯಜಮಾನರು ಆಗಲೇ ಎದ್ದು ನಿಲ್ಲುವವರಂತೆ ವಲ್ಲಿ ಹೆಗಲಿಗೆ ಹಾಕಿದರು. ಗಂಡಸರು ಕೇಳುವುದಿಲ್ಲ ಎಂದು ತಿಳಿದು ನಾನೇ ಕೇಳಿದೆ.

"ತಪ್ಪು ತಿಳಕೋಬ್ಯಾಡಪ್ಪ. ಫೋನಿನಾಗ ನಿನ್ನ ಧ್ವನಿ ಕೇಳಲಿಲ್ಲ. ಇಲ್ಲೂ ಕೇಳವಲ್ಲದು. ನೀ ಖರೇನ ಬಾರಸ್ತೀಯೇನು?"

ಅವನ ತಾಯಿಯ ಮುಖ ಸಣ್ಣದಾಯಿತು. ಹುಡುಗ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಸುತ್ತ ಒಮ್ಮೆ ನೋಡಿ, ಎದ್ದು ಹೋಗಿ ಆ ತೇಗದ ಅಲಮಾರಿಯ ಪಕ್ಕ ನಿಂತ. ವಾದ್ಯದ ತಲೆಯನ್ನು ಅದರ ಬಾಗಿಲಿಗೆ ಒತ್ತಿ ಹಿಡಿದ.

"ಇಲ್ಲಿ ಕೈ ಇಡ್ರಿ ಅತ್ತಿ."

ಅತ್ತಿ ಎಂದಿದ್ದು ಅವಸರವಾಯಿತು ಅನಿಸಿದರೂ ಅಂಗೈ ಇಟ್ಟೆ. ಅವನು ಮೀಟಿದ. ಇಡೀ ಅಲಮಾರಿ ಹೂಂಗುಟ್ಟಿತು. ಒಳಗಿನ ಹಿತ್ತಾಳೆ ಚರಿಗೆಗಳು ಝಿಲ್ಲೆಂದವು. ಆ ಧ್ವನಿ ಕಿವಿಗಿಂತ ಮೊದಲು ಅಂಗೈಗೆ ಬಂತು, ಮೊಣಕೈಗೆ ಏರಿ ಎದೆಯಲ್ಲಿ ಕೂತಿತು. ಬಸ್ಸಿನ ಬಾನೆಟ್ಟಿನ ಮಾತು ಆಗ ನನಗೆ ತಿಳಿಯಿತು.

ಆದರೂ ನನ್ನ ಶಂಕೆ ಪೂರ್ತಿ ಹೋಗಲಿಲ್ಲ. ಸದ್ದು ಯಾರಾದರೂ ಮಾಡಬಹುದು. ಹಾಡಿಗೆ ಬಾರಿಸುವುದು ಬೇರೆ. ಅವನಿಗೂ ಅದು ಗೊತ್ತಾಯಿತೋ ಏನೋ, "ನೀವು ಒಂದು ಪದ ಹೇಳ್ರಿ, ನಾ ಕೇಳಿರಬಾರದು ಅಂಥಾದ್ದು" ಎಂದ. ನಾನೂ ಬಿಡಲಿಲ್ಲ. ನನ್ನ ತವರು ಕೊಹಿನೂರ. ಅಲ್ಲಿ ನಮ್ಮವ್ವ ಮುಂಜಾನೆ ಅಂಗಳ ಸಾರಿಸುತ್ತ ಹೇಳುತ್ತಿದ್ದ ಒಂದು ದೇವರ ಪದವಿದೆ. ಅದನ್ನು ನಮ್ಮ ಮನೆಯ ಹೊರಗೆ ನಾನು ಯಾರ ಬಾಯಲ್ಲೂ ಕೇಳಿಲ್ಲ. ಅದನ್ನೇ ಎತ್ತಿದೆ.

ಮೊದಲ ಸಾಲಿಗೆ ಅವನು ಸುಮ್ಮನೆ ಕೇಳಿದ. ಎರಡನೆಯದಕ್ಕೆ ನನ್ನ ಧ್ವನಿಯ ಕೆಳಗೆ ಮೆಲ್ಲಗೆ ಬಂದು ಸೇರಿದ. ಮುಂದೆ ಹೋಗಲಿಲ್ಲ, ಹಿಂದೆ ಬೀಳಲಿಲ್ಲ. ಮೂರನೆಯ ಸಾಲು ಉದ್ದ. ನನಗೆ ಉಬ್ಬಸ, ಆ ಸಾಲಿನ ನಡುವೆ ಉಸಿರು ಸಾಲದೆ ನಿಲ್ಲುತ್ತೇನೆ. ಸೋಮವಾರದ ಭಜನೆಯಲ್ಲಿ ಉದ್ದ ಸಾಲು ಬಂದಾಗ ತಾಳದವರು ಮುಂದೆ ಹೋಗಿಬಿಡುತ್ತಾರೆ, ನಾನು ಎರಡು ಮಾತು ನುಂಗಿ ಓಡಿ ಹೋಗಿ ಅವರನ್ನು ಸೇರುತ್ತೇನೆ. ಅಂದೂ ಉಸಿರು ನಿಂತಿತು. ಅಲಮಾರಿಯ ಹೂಂಕಾರ ಆ ಒಂದು ಸ್ವರದ ಮೇಲೆ ಹಾಗೇ ನಿಂತುಕೊಂಡಿತು. ನಾನು ಉಸಿರು ತೆಗೆದುಕೊಂಡು ಮುಂದಿನ ಮಾತು ಎತ್ತಿದೆ, ಆಗ ಅದೂ ಹೊರಟಿತು.

ಪದ ಮುಗಿದ ಮೇಲೆ ಕೇಳಿದೆ, "ನಡುವ ಯಾಕ ನಿಂತಿ?"

"ನೀವು ಉಸಿರು ತಗೊಳ್ಳಾಕತ್ತಿದ್ರಲ್ಲರಿ" ಎಂದ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಅಂಗೈಯನ್ನು ಇನ್ನೂ ಅಲಮಾರಿಯಿಂದ ತೆಗೆದಿರಲಿಲ್ಲ. ಹಾಗೇ ತಿರುಗಿ ಅವನ ತಾಯಿಗೆ, ಒಳ್ಳೆಯ ದಿನ ನೋಡಿರಿ ಎಂದೆ. ಯಜಮಾನರು ನನ್ನ ಮುಖ ನೋಡಿದರು. ನಾನು ಅವರಿಗಿಂತ ಮುಂದೆ ಹೋಗಿ ಒಪ್ಪಿಗೆ ಕೊಟ್ಟದ್ದು ಅದೇ ಮೊದಲು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾಗಮ್ಮ ಸುಮ್ಮನಿರಲಿಲ್ಲ. "ಅಲಮಾರಿ ಬಾರಿಸಿದ, ಚೊಲೋ ಆತು. ಲಗ್ನ ಆದ ಮ್ಯಾಲ ಅದನ್ನೂ ಬೆನ್ನಿಗೆ ಕಟಗೊಂಡು ಗೋವಾಕ್ಕ ಹೋಗತಾನೇನು ವೈನಿ?" ಎಂದಳು. ನಾನು ನಕ್ಕೆ. ಬೆಳಗಿನಿಂದ ಅದೇ ಮೊದಲ ನಗು.

ಮದುವೆಯಾಗಿ ಈಗ ಒಂದೂವರೆ ವರ್ಷ. ಅವರು ಹೈದರಾಬಾದಿನಲ್ಲಿದ್ದಾರೆ. ಅಶ್ವಿನಿ ಹೊಸ ವೀಡಿಯೊ ಕಳಿಸುತ್ತಲೇ ಇರುತ್ತಾಳೆ. ಇವತ್ತಿಗೂ ಫೋನಿನಲ್ಲಿ ಅಳಿಯ ಕೇಳಿಸುವುದಿಲ್ಲ, ಇವತ್ತಿಗೂ ಅವನು ಕತ್ತಲೆಯಲ್ಲೇ ನಿಂತಿರುತ್ತಾನೆ. ನನ್ನ ಶಂಕೆಯ ಬುದ್ಧಿಯೂ ಪೂರ್ತಿ ಹೋಗಿಲ್ಲ. ಅವರ ಮನೆಗೆ ಹೋದಾಗ ಅಡುಗೆಮನೆಯ ಡಬ್ಬಿ ತೆರೆದು ನೋಡುತ್ತೇನೆ, ಮಗಳ ಮುಖ ನೋಡುತ್ತೇನೆ. ಇಲ್ಲಿಯತನಕ ಎರಡೂ ತುಂಬಿಯೇ ಇವೆ.

ಆ ಗುರುವಾರ ಕರೆಂಟು ಹೋದದ್ದನ್ನು ನಾನು ದೇವರ ದಯೆಯೆಂದೇ ಎಣಿಸುತ್ತೇನೆ. ಇದ್ದಿದ್ದರೆ ಅವನು ಆ ಸ್ಪೀಕರ್ ಡಬ್ಬಿಯಲ್ಲಿ ಜೋರಾಗಿ ಬಾರಿಸುತ್ತಿದ್ದ, ನಾನು ಕಿವಿ ಮುಚ್ಚಿಕೊಂಡು ಎದ್ದು ಬರುತ್ತಿದ್ದೆ.

ಬೆಳಗಿನ ಪೂಜೆಯಲ್ಲಿ ಈಗಲೂ ಅವ್ವನ ಪದ ಹೇಳುತ್ತೇನೆ. ಮೊದಲು ಮೂರನೆಯ ಸಾಲು ಬಂತೆಂದರೆ ಒಬ್ಬಳೇ ಇದ್ದರೂ ಅವಸರ ಮಾಡಿ ಮಾತು ನುಂಗುತ್ತಿದ್ದೆ. ಈಗ ಅಲ್ಲಿಗೆ ಬಂದಾಗ ದೇವರ ಜಗುಲಿಯ ಕಟ್ಟಿಗೆಯ ಮೇಲೆ ಅಂಗೈ ಇಟ್ಟು, ನಿಂತು, ಸಾವಕಾಶ ಉಸಿರು ತೆಗೆದುಕೊಳ್ಳುತ್ತೇನೆ. ಒಂದು ಮಾತನ್ನೂ ನುಂಗುವುದಿಲ್ಲ.