ಊಟಕ್ಕೆ ದಾರಿ ಹೇಳುತ್ತಿದ್ದವನು

ಸಮುದ್ರದ ದಂಡೆಯ ಆ ಊರಿಗೆ ಬಂದಿಳಿದವರು ಲಾಡ್ಜಿನ ಕೌಂಟರಿನ ಮುಂದೆ ಚೀಲ ಇಟ್ಟ ಕೂಡಲೇ ಕೇಳುತ್ತಿದ್ದ ಪ್ರಶ್ನೆಗಳು ಎರಡೇ. ವೈಫೈ ಪಾಸ್‌ವರ್ಡ್ ಏನು? ಊಟಕ್ಕೆ ಎಲ್ಲಿ ಚೆನ್ನಾಗಿರುತ್ತೆ? ಮೊದಲನೆಯದಕ್ಕೆ ಉತ್ತರವನ್ನು ಗೋಡೆಗೆ ಅಂಟಿಸಿದ್ದರು. ಎರಡನೆಯದಕ್ಕೆ ಉತ್ತರ ಕೌಂಟರಿನ ಹಿಂದೆ ಕೂತಿದ್ದ ಮನುಷ್ಯ. ಊರಿನವರು ಅವನನ್ನು ರುಚಿಯಣ್ಣ ಎನ್ನುತ್ತಿದ್ದರು.

ಕೀಲಿಕೈ ಕೊಡುವುದು, ಒಗೆದ ಟವೆಲ್ಲು ಎಣಿಸಿಕೊಳ್ಳುವುದು, ಬಿಸಿನೀರು ಬರಲಿಲ್ಲವೆಂದು ಕೂಗಾಡುವವರನ್ನು ಸಮಾಧಾನ ಮಾಡುವುದು, ಅವನ ಕೆಲಸ ಇಷ್ಟೇ. ಆದರೆ ಊಟದ ಮಾತು ಬಂತೆಂದರೆ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದ. ಥಟ್ಟನೆ ಒಂದು ಹೆಸರು ಹೇಳಿ ಸಾಗಹಾಕುವವನಲ್ಲ. ಮೊದಲು ಬಂದವರ ಮುಖ ನೋಡುತ್ತಿದ್ದ. ಹೊಸದಾಗಿ ಮದುವೆಯಾದವರಿಗೆ ಮಹಡಿ ಮೇಲಿನ, ಬಡಿಸುವವರು ನಿಧಾನವಾಗಿ ಬರುವ ಹೋಟೆಲ್ಲು. ಪುಟ್ಟ ಮಕ್ಕಳಿದ್ದವರಿಗೆ ಎಸೆದರೂ ಒಡೆಯದ ಸ್ಟೀಲ್ ತಟ್ಟೆಯ ಜಾಗ. ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದ ಗಂಡಹೆಂಡತಿಗೆ ಬಸ್ ನಿಲ್ದಾಣದ ಎದುರಿನ ಗದ್ದಲದ ಕ್ಯಾಂಟೀನು. "ಅಲ್ಲಿ ಒಬ್ರ ಮಾತು ಒಬ್ರಿಗೆ ಕೇಳ್ಸಲ್ಲ. ತಿನ್ನೋದು ಬಿಟ್ರೆ ಬೇರೆ ದಾರಿನೇ ಇಲ್ಲ" ಎಂದು ಅವರು ಅತ್ತ ಹೋದ ಮೇಲೆ ನಗುತ್ತಿದ್ದ.

ವಾರದ ರಜೆಯ ದಿನ ಅವನು ಊರಿನ ಯಾವುದಾದರೂ ಒಂದು ಹೋಟೆಲ್ಲಿನಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ಯಾರ ಹತ್ತಿರವೂ ಬಿಟ್ಟಿ ತಿಂದವನಲ್ಲ. ಬೆಳಿಗ್ಗೆ ಕೆಲಸಕ್ಕೆ ಬರುವಾಗ ಮುಖ್ಯ ಬೀದಿ ಬಿಟ್ಟು ಅಡುಗೆಮನೆಗಳ ಹಿಂದಿನ ಓಣಿಯಲ್ಲೇ ಬರುತ್ತಿದ್ದ. ಯಾರು ನಿನ್ನೆಯ ಎಣ್ಣೆ ಮತ್ತೆ ಕಾಯಿಸುತ್ತಿದ್ದಾರೆ, ಯಾರು ಹೊಸ ಡಬ್ಬ ಒಡೆದಿದ್ದಾರೆ ಎಂಬುದು ನಡೆದುಹೋಗುತ್ತಲೇ ಅವನಿಗೆ ತಿಳಿಯುತ್ತಿತ್ತು. ಹಿತ್ತಿಲ ಬಾಗಿಲಲ್ಲಿ ಅವನ ನೆರಳು ಕಂಡರೆ ಸಾಕು, ಅಡುಗೆಯವರು ಬಾಣಲೆ ಉಜ್ಜಲು ಶುರು ಮಾಡುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಒಂದು ವರ್ಷ ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಹಾಸಿಗೆ ಹಿಡಿದು ಎದ್ದ ಮೇಲೆ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ, ಕಿಟಕಿಯಾಚೆ ನೋಡುತ್ತ ನಿಂತಿದ್ದ. ಹಾಲು ಉಕ್ಕಿ, ತಳ ಹಿಡಿದು, ಪಾತ್ರೆ ಕಪ್ಪಾದರೂ ಅವನಿಗೆ ಗೊತ್ತಾಗಲಿಲ್ಲ. ಹೆಂಡತಿ ಓಡಿ ಬಂದು ಒಲೆ ಆರಿಸಿದಳು. "ಏನ್ರೀ, ನಿಂತ್ಕೊಂಡೇ ನಿದ್ದೆ ಮಾಡ್ತಿದ್ರಾ?" ಎಂದಳು. ಹೌದು ಎಂದುಬಿಟ್ಟ.

ಡಾಕ್ಟರರನ್ನು ಗುಟ್ಟಾಗಿ ಕಂಡು ಬಂದ. ಹೋದ ವಾಸನಾಶಕ್ತಿ ವಾಪಸ್ಸು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಅವರು. ಉಪ್ಪು, ಹುಳಿ, ಖಾರ ನಾಲಿಗೆಗೆ ತಾಗುತ್ತಿದ್ದವು. ಅದರಾಚೆಗಿನದೆಲ್ಲ ಒದ್ದೆ ರಟ್ಟು ಜಗಿದ ಹಾಗೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ತಾನು ಬರೀ ಕೀಲಿಕೈ ಕೊಡುವವನಾಗಿ ಉಳಿಯುತ್ತೇನೆ ಎಂಬ ಭಯ. ಬಂದವರಿಗೆ ಹಳೆಯ ನೆನಪಿನ ಮೇಲೆಯೇ ಹೋಟೆಲ್ಲು ತೋರಿಸುತ್ತ ಹೋದ. ಮನೆಯಲ್ಲಿ ಹೆಂಡತಿ ತಟ್ಟೆ ಮುಂದಿಟ್ಟು "ಹೇಗಿದೆ?" ಎಂದಾಗಲೆಲ್ಲ "ಬಹಳ ಚೆನ್ನಾಗಿದೆ ಕಣೇ" ಎನ್ನುತ್ತಿದ್ದ.

ದಂಡೆಯ ಕೊನೆಯಲ್ಲಿ ಅವನ ಗೆಳೆಯನೊಬ್ಬನ ಹೋಟೆಲ್ಲಿತ್ತು. ಹಳೆಯ ದೋಣಿಯೊಂದನ್ನು ಅರ್ಧಕ್ಕೆ ಕುಯ್ದು ಅದನ್ನೇ ಗಲ್ಲಾ ಮಾಡಿಕೊಂಡಿದ್ದರಿಂದ ಎಲ್ಲರೂ ಅವನನ್ನು ದೋಣಿಯವನು ಎಂದೇ ಕರೆಯುತ್ತಿದ್ದರು. ಅಡುಗೆ ಅವನ ಹೆಂಡತಿಯದು. ಮೀನು ಕೊಳ್ಳುವವಳೂ ಅವಳೇ, ಬೇಡವೆಂದು ಎಸೆಯುವವಳೂ ಅವಳೇ. ಸೀಸನ್ ಶುರುವಾಗುವ ಹೊತ್ತಿಗೆ ಅವಳು ಮಗಳ ಬಾಣಂತನಕ್ಕೆ ಹೊರಟುಹೋದಳು. ಒಲೆ ಮುಂದೆ ದೋಣಿಯವನೊಬ್ಬನೇ ಉಳಿದ.

ಒಂದು ಬೆಳಿಗ್ಗೆ ರುಚಿಯಣ್ಣ ಓಣಿಯಲ್ಲಿ ಬರುತ್ತಿದ್ದಾಗ ದೋಣಿಯವನು ಕೈಬೀಸಿ ಕರೆದ.

"ಅಣ್ಣಾ, ಒಂಚೂರು ಒಳಗೆ ಬಾ. ನಿನ್ನೆ ಕರೆಂಟು ಹೋಗಿ ಫ್ರಿಜ್ಜು ಕೈಕೊಟ್ಟಿತ್ತು. ಮೀನು ಎಲ್ಲಾ ಕತ್ತರಿಸಿ ಇಟ್ಟಿದ್ದೆ. ನಂಗೆ ಪರವಾಗಿಲ್ಲ ಅನ್ಸುತ್ತೆ. ಆದ್ರೆ ಬೀಡಿ ಸೇದಿ ಸೇದಿ ನನ್ನ ಮೂಗು ಯಾವ ಸೀಮೆ ಮೂಗು ಹೇಳು? ನೀನೊಂದ್ಸಲ ಮೂಸಿ ನೋಡಿಬಿಡು."

ರುಚಿಯಣ್ಣ ಒಳಗೆ ಹೋಗಿ ಮೀನಿನ ತಟ್ಟೆಯನ್ನು ಮುಖದ ಹತ್ತಿರ ತಂದ. ಏನೂ ಇಲ್ಲ. ಗಾಜಿನ ಕಿಟಕಿಗೆ ಮೂಗು ಒತ್ತಿದ ಹಾಗೆ. ದೋಣಿಯವನು ಅವನ ಮುಖವನ್ನೇ ನೋಡುತ್ತಿದ್ದ. ನನಗೆ ಗೊತ್ತಾಗುತ್ತಿಲ್ಲ ಮಾರಾಯ ಎಂದು ಹೇಳಲು ಅದೇ ಸರಿಯಾದ ಗಳಿಗೆ.

"ಏನೂ ಆಗಿಲ್ಲ. ಧೈರ್ಯವಾಗಿ ಮಾಡು" ಎಂದ.

"ಅಬ್ಬಾ, ಬದುಕಿದೆ!" ಎಂದು ದೋಣಿಯವನು ಒಲೆ ಹಚ್ಚಿದ.

ಮಧ್ಯಾಹ್ನ ಲಾಡ್ಜಿಗೆ ಗಂಡಹೆಂಡತಿ ಇಬ್ಬರು ಬಂದರು. ಜೊತೆಗೆ ಹೆಂಡತಿಯ ತಾಯಿ. ಆ ಅಜ್ಜಿ ಸಮುದ್ರ ನೋಡುತ್ತಿದ್ದುದು ಅದೇ ಮೊದಲ ಸಲ. ಚಪ್ಪಲಿ ಕೈಯಲ್ಲಿ ಹಿಡಿದು, ಕಾಲಿಗಂಟಿದ ಮರಳಿನೊಂದಿಗೇ ಕೌಂಟರಿಗೆ ಬಂದಿದ್ದಳು. "ನೋಡಪ್ಪಾ, ನಂಗೆ ಮೀನು ತಿನ್ಬೇಕು. ಮುಳ್ಳು ಜಾಸ್ತಿ ಇರಬಾರ್ದು. ಇರೋದೇ ನಾಲ್ಕು ಹಲ್ಲು" ಎಂದು ನಕ್ಕಳು. ರುಚಿಯಣ್ಣ ಒಂದು ಕ್ಷಣ ತಡೆದ. ಬೇರೆ ಜಾಗಗಳೂ ಇದ್ದವು. ಆದರೆ ಬೆಳಿಗ್ಗೆ ತಾನೇ ಸರಿ ಎಂದ ಮೀನಿಗೆ ಮಧ್ಯಾಹ್ನ ಜನರನ್ನು ಕಳಿಸದಿದ್ದರೆ ತನ್ನ ಮಾತನ್ನು ತಾನೇ ನಂಬದ ಹಾಗಾಗುತ್ತದಲ್ಲ? ದಂಡೆಯ ಕೊನೆಗೆ ಕೈತೋರಿಸಿದ.

ಸಂಜೆಯಾಗುವುದರೊಳಗೆ ಅಜ್ಜಿಯ ಮುಖವೆಲ್ಲ ಕೆಂಡದಂತಾಗಿ, ಹೊಟ್ಟೆಯೊಳಗಿದ್ದುದೆಲ್ಲ ವಾಂತಿಯಾಗಿ ಹೋಗಿ, ಎದ್ದು ನಿಲ್ಲಲೂ ಆಗದಂತಾಯಿತು. ಹತ್ತಿರದ ಕ್ಲಿನಿಕ್ಕಿಗೆ ಸಾಗಿಸುವಾಗ ರುಚಿಯಣ್ಣನೇ ಅವಳ ಕಾಲುಗಳನ್ನು ಹಿಡಿದುಕೊಂಡಿದ್ದ. ಬೆರಳುಗಳ ಸಂದಿಯಲ್ಲಿ ಇನ್ನೂ ಮರಳಿತ್ತು.

ಡಾಕ್ಟರರು ಡ್ರಿಪ್ ಹಾಕಿ, ಕೆಟ್ಟ ಮೀನಿನ ಕೆಲಸ, ಜೀವಕ್ಕೇನೂ ಭಯವಿಲ್ಲ ಎಂದರು. ಅಳಿಯನಿಗೆ ರೇಗಿತು. ಮಗಳು ಮಾತ್ರ ರುಚಿಯಣ್ಣನ ಕಡೆ ತಿರುಗಿ, "ನಿಮ್ದೇನು ತಪ್ಪು ಅಂಕಲ್? ನೀವು ಒಳ್ಳೇದಕ್ಕೇ ಹೇಳಿದ್ರಿ. ಆಗ್ಲಿಂದ ನಿಂತೇ ಇದ್ದೀರ, ಕೂತ್ಕೊಳ್ಳಿ" ಎಂದು ತಾನೆದ್ದು ಕುರ್ಚಿ ಬಿಟ್ಟುಕೊಟ್ಟಳು. ಅವನು ಕೂರಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ದೋಣಿಯವನು ಓಡಿಬಂದ. ಅಳಿಯ ಅವನ ಮೇಲೆ ಹರಿಹಾಯ್ದ. ವಯಸ್ಸಾದವರಿಗೆ ವಿಷ ಹಾಕುತ್ತೀಯಾ, ನಿನಗೆ ಮನೆಯಲ್ಲಿ ತಾಯಿ ಇಲ್ಲವಾ ಎಂದೆಲ್ಲ ಬಾಯಿಗೆ ಬಂದ ಹಾಗೆ ಬೈದ. ದೋಣಿಯವನು ತಲೆ ತಗ್ಗಿಸಿ ಕೇಳಿಸಿಕೊಂಡ.

"ತಪ್ಪು ನಂದೇ ಸ್ವಾಮಿ. ಮೀನೂ ನಂದು, ಒಲೇನೂ ನಂದು" ಎಂದ. ರುಚಿಯಣ್ಣನ ಹೆಸರೆತ್ತಲಿಲ್ಲ. ಅವನ ಕಡೆ ಕಣ್ಣೂ ಹಾಯಿಸಲಿಲ್ಲ.

ಹೊರಗೆ ಬಂದ ಮೇಲೆ, ಬೀದಿಯ ತಿರುವಿನಲ್ಲಿ, ಬೇರೆ ಯಾರೂ ಇಲ್ಲದಾಗ ದೋಣಿಯವನು ಅವನ ಹೆಗಲ ಮೇಲೆ ಕೈಯಿಟ್ಟ. "ನೀನು ಮನಸ್ಸಿಗೆ ಹಚ್ಕೋಬೇಡ ಅಣ್ಣಾ. ನಿನ್ನ ಮೂಗಿಗೇ ಸಿಕ್ಕಲಿಲ್ಲ ಅಂದ್ಮೇಲೆ ಅದು ನನ್ನ ಹಣೆಬರಹ, ಅಷ್ಟೇ." ಬೈದಿದ್ದರೆ ಚೆನ್ನಾಗಿತ್ತು. ಆ ಕೈ ಹೆಗಲ ಮೇಲಿದ್ದಷ್ಟು ಹೊತ್ತೂ ರುಚಿಯಣ್ಣ ಉಸಿರು ಬಿಗಿಹಿಡಿದು ನಿಂತಿದ್ದ. ಬಾಯಿಬಿಡಲಿಲ್ಲ.

ಅಜ್ಜಿ ಚೇತರಿಸಿಕೊಂಡು ಊರಿಗೆ ಹೋದಳು. ಸುದ್ದಿ ಮಾತ್ರ ಊರಲ್ಲೇ ಉಳಿಯಿತು. ಉಳಿದ ಲಾಡ್ಜಿನವರು ದೋಣಿ ಹೋಟೆಲ್ಲಿಗೆ ಜನ ಕಳಿಸುವುದನ್ನು ನಿಲ್ಲಿಸಿದರು. "ನೀನೂ ಅಲ್ಲಿಗೆ ಯಾರನ್ನೂ ಕಳಿಸ್ಬೇಡಪ್ಪ, ನಮ್ಮ ಹೆಸರು ಕೆಡುತ್ತೆ" ಎಂದು ಅವನ ಮ್ಯಾನೇಜರ್ ಹೇಳಿದಾಗ ರುಚಿಯಣ್ಣ ತಲೆಯಾಡಿಸಿದ. ಹಾಗೆ ತಲೆಯಾಡಿಸಿದ್ದು ಅವನನ್ನು ಮೀನಿನ ಬಗ್ಗೆ ಹೇಳಿದ ಸುಳ್ಳಿಗಿಂತ ಹೆಚ್ಚು ಸುಟ್ಟಿತು. ಸೀಸನ್ನಿನ ನಡುಮಧ್ಯೆ ದೋಣಿಯವನು ಬಾಗಿಲು ಹಾಕಿದ. ರುಚಿಯಣ್ಣ ಓಣಿಯ ದಾರಿ ಬಿಟ್ಟು ಮುಖ್ಯ ಬೀದಿಯಲ್ಲೇ ಓಡಾಡತೊಡಗಿದ.

ಒಂದು ದಿನ ಮಧ್ಯಾಹ್ನ ಅವನ ಹೆಂಡತಿ ಬಿಸಿ ಸೂಪು ಬಡಿಸಿ, ಎಂದಿನಂತೆ ಎದುರಿಗೆ ಕೂತು, "ಹೇಗಿದೆ? ಇವತ್ತು ಬೇರೆ ಥರ ಮಾಡಿದ್ದೀನಿ" ಎಂದಳು. ಅವನು ಚಮಚ ಕೆಳಗಿಟ್ಟ. ಚೆನ್ನಾಗಿದೆ ಎನ್ನಲು ನಾಲಿಗೆ ಹೊರಳಲಿಲ್ಲ. ಜ್ವರದಿಂದ ಹಿಡಿದು ಹೆಗಲ ಮೇಲಿನ ಕೈವರೆಗೆ ಎಲ್ಲವನ್ನೂ ಹೇಳಿದ.

ಜ್ವರದಲ್ಲಿ ಸೊರಗಿದ ಗಂಡನಿಗೆ ಊಟ ಸೇರಲೆಂದು ಅವಳು ಅಷ್ಟೂ ತಿಂಗಳು ಅವರಿವರನ್ನು ಕೇಳಿ ಕೇಳಿ ದಿನಕ್ಕೊಂದು ಬಗೆ ಮಾಡಿದ್ದಳು.

"ಹಾಗಾದ್ರೆ ನಾನು ದಿನಾ ಹೇಗಿದೆ ಅಂತ ಕೇಳ್ತಿದ್ದದ್ದು ಯಾರನ್ನ?"

"ತಪ್ಪಾಯ್ತು ಕಣೇ."

"ನಂಗೆ ಆಮೇಲೆ ಹೇಳಿ. ಮೊದ್ಲು ಹೋಗಿ ಆ ಪುಣ್ಯಾತ್ಮನಿಗೆ ಹೇಳಿ ಬನ್ನಿ." ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರಿನ ಸದ್ದಿನಲ್ಲೂ ಅವಳು ಅಳುತ್ತಿರುವುದು ಅವನಿಗೆ ಕೇಳಿಸಿತು.

ದೋಣಿಯವನು ಮುಚ್ಚಿದ ಹೋಟೆಲ್ಲಿನ ಮುಂದೆ ಕುರ್ಚಿಗಳಿಗೆ ಬಣ್ಣ ಬಳಿಯುತ್ತಿದ್ದ. ಅವನ ಹೆಂಡತಿಯೂ ಮಗಳ ಮನೆಯಿಂದ ವಾಪಸ್ಸಾಗಿದ್ದಳು. ರುಚಿಯಣ್ಣ ನಿಂತಲ್ಲೇ ನಿಂತು ಹೇಳಿದ. ದೋಣಿಯವನು ಮೊದಲು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದ.

"ಅವತ್ತು ತಟ್ಟೆ ಕೈಲಿ ಹಿಡ್ದಾಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಆಸ್ಪತ್ರೇಲಿ ಅವ್ರು ನಂಗೆ ಹಾಗೆ ಬಯ್ಯೋವಾಗ್ಲೂ?"

"ಹೂಂ."

ದೋಣಿಯವನು ಬೆನ್ನು ತಿರುಗಿಸಿ ಮತ್ತೆ ಬಣ್ಣದ ಬ್ರಷ್ಷು ಹಿಡಿದ. ಮಾತಾಡಿದವಳು ಅವನ ಹೆಂಡತಿ. "ಮೂಗು ಹೋಯ್ತು, ಸರಿ. ಅದು ಯಾರ ಕೈಲೂ ಇಲ್ಲ. ಬಾಯಿ ಇತ್ತಲ್ಲ ಅಣ್ಣಾ?"

ರುಚಿಯಣ್ಣ ಅಲ್ಲಿಂದ ನೇರ ಲಾಡ್ಜಿಗೆ ಹೋಗಿ ಅಜ್ಜಿಯ ಮಗಳಿಗೆ ಫೋನ್ ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು. "ಅಮ್ಮ ಚೆನ್ನಾಗಿದ್ದಾರೆ ಅಂಕಲ್. ಆದ್ರೆ ಆವತ್ತೇ ಹೇಳಿದ್ರೆ ಆ ಮನುಷ್ಯನ್ನ ಅಷ್ಟು ಬಯ್ತಿರ್ಲಿಲ್ಲ ನಾವು" ಎಂದು ಫೋನಿಟ್ಟಳು. ಮ್ಯಾನೇಜರಿಗೆ, ಬೇರೆ ಲಾಡ್ಜುಗಳ ಕೌಂಟರಿನವರಿಗೆ, ಎಲ್ಲರಿಗೂ ಬಾಗಿಲಿಂದ ಬಾಗಿಲಿಗೆ ಹೋಗಿ ಹೇಳಿದ. ಕೆಲವರು ಅಯ್ಯೋ ಎಂದರು. ಯಾರೋ ಒಬ್ಬರು ಅವನಿಗೆ ಸಪ್ಪೆಯಣ್ಣ ಎಂದು ಹೊಸ ಹೆಸರಿಟ್ಟರು, ಅದು ಊರಿಡೀ ಹರಡಿತು. ಅವನು ಎದುರಾಡಲಿಲ್ಲ. ಆ ಹೆಸರಿಗೆ ಓಗೊಡುವಾಗ ಎದೆಯ ಭಾರ ಒಂದಿಷ್ಟು ಇಳಿದಂತೆ ಅನಿಸುತ್ತಿತ್ತು.

ಆದರೆ ಬಸ್ಸಿಳಿದು ಬಂದವರಿಗೆ ಇದೆಲ್ಲ ಎಲ್ಲಿ ಗೊತ್ತು? ಊಟಕ್ಕೆ ಎಲ್ಲಿ ಚೆನ್ನಾಗಿರುತ್ತೆ ಎಂದು ಅವರು ಕೇಳುತ್ತಲೇ ಇದ್ದರು. ನನಗೆ ಹೇಳಲು ಬರುವುದಿಲ್ಲ ಎಂದರೆ ಅವರ ಮುಖ ಸಣ್ಣಗಾಗುತ್ತಿತ್ತು. ಕೊನೆಗೆ ಒಂದು ರಜೆಯ ದಿನ ಅವನು ಹೆಂಡತಿಯನ್ನು ಕೇಳಿದ.

"ಇವತ್ತು ಒಲೆ ಹಚ್ಬೇಡ. ಹೊರಗೆ ಊಟಕ್ಕೆ ಹೋಗೋಣ. ನೀನು ತಿಂದು ಹೇಗಿದೆ ಅಂತ ಹೇಳ್ಬೇಕು."

"ಹೊರಗಾ? ಯಾರ ಮದ್ವೆ?"

ಅವಳು ತಮಾಷೆಗೆ ಹೇಳಿರಲಿಲ್ಲ. ಮದುವೆಗಳನ್ನು ಬಿಟ್ಟರೆ ಅವಳು ಹೊರಗೆ ಉಂಡೇ ಇರಲಿಲ್ಲ. ಊರಿಗೆ ಬಂದವರೆಲ್ಲ ಅವನು ತೋರಿಸಿದ ಕಡೆ ಕೂತು ಉಂಡಿದ್ದರು. ಒಂದೇ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಇವಳನ್ನು ಮಾತ್ರ ಅವನು ಒಮ್ಮೆಯೂ ಬಾ ಎಂದು ಕರೆದಿರಲಿಲ್ಲ. ಕರೆಯಬಾರದೆಂದೇನಲ್ಲ, ಹೊಳೆದೇ ಇರಲಿಲ್ಲ.

ಅವಳು ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು ಹೊರಟಳು. ಮಹಡಿ ಮೇಲಿನ ಹೋಟೆಲ್ಲಿನಲ್ಲಿ ಮೆನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಬಡಿಸುವವನು ನೀರಿಟ್ಟಾಗ ಎದ್ದು ತಾನೇ ಲೋಟ ತುಂಬಿಸಲು ಹೋಗಿ ನಾಚಿ ಕೂತಳು. ಊಟ ಬಂತು. ಅವಳು ಮೊದಲ ತುತ್ತನ್ನು ನಿಧಾನವಾಗಿ ಅಗಿದಳು. ಅವನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಚೆನ್ನಾಗಿದೆ. ಆದ್ರೆ ಈರುಳ್ಳಿ ಅವಸರಕ್ಕೆ ಬೇಯ್ಸಿದ್ದಾರೆ" ಎಂದಳು. ಇನ್ನೊಂದು ತುತ್ತು ತಿಂದಳು. "ನಾವೇ ಮಾಡದೆ, ನಾವೇ ಬಡಿಸದೆ ತಿನ್ನೋದು ಎಷ್ಟು ಸುಖ ಅಲ್ವಾ? ನೀವು ಇಷ್ಟು ವರ್ಷ ಇಲ್ಲೆಲ್ಲ ಒಬ್ಬರೇ ಕೂತ್ಕೊಂಡು ತಿಂತಿದ್ರಾ?"

ಕೊಂಕಿರಲಿಲ್ಲ ಅವಳ ದನಿಯಲ್ಲಿ. ಬರೀ ಕುತೂಹಲ. ಅವನು ಹೌದು ಎಂದು ತಲೆ ಬಗ್ಗಿಸಿ ಅನ್ನ ಕಲಸಿದ.

ಆಮೇಲೆ ಪ್ರತಿ ರಜೆಗೂ ಇಬ್ಬರೂ ಹೋಗತೊಡಗಿದರು. ಅವಳು ಅವನಿಗಿಂತ ಬಿಗಿ. ಅವನು ಬಾಯ್ತುಂಬ ಹೊಗಳಿಕೊಂಡು ಬಂದಿದ್ದ ಎರಡು ಜಾಗಗಳನ್ನು ಅವಳು ಒಂದೇ ಮಾತಿನಲ್ಲಿ ಹೊಡೆದುಹಾಕಿದಳು. ಅವನು ಮೂಗು ಮುರಿಯುತ್ತಿದ್ದ ಬಸ್ ನಿಲ್ದಾಣದ ಹಿಂದಿನ ಮೊಟ್ಟೆ ಅಂಗಡಿಯಲ್ಲಿ ಎರಡನೇ ಸಲ ತಟ್ಟೆ ಒಡ್ಡಿದಳು. ಕೌಂಟರಿನಲ್ಲಿ ಅವನು "ನಮ್ಮ ಮನೆಯವಳು ತಿಂದು ನೋಡಿದ್ದಾಳೆ" ಎಂದು ಸೇರಿಸಿಯೇ ದಾರಿ ಹೇಳತೊಡಗಿದ.

ಮುಂದಿನ ಸೀಸನ್ನಿಗೆ ದೋಣಿ ಹೋಟೆಲ್ಲು ಮತ್ತೆ ತೆರೆಯಿತು. ಮೊದಲ ವಾರ ಕುರ್ಚಿಗಳೆಲ್ಲ ಖಾಲಿ. ರುಚಿಯಣ್ಣ ಹೋಗಲು ಅಂಜಿದ. ಹೆಂಡತಿಯೇ ಎಳೆದುಕೊಂಡು ಹೋದಳು. ದೋಣಿಯವನು ಬಂದು ಮೇಜು ಒರೆಸಿ ಎರಡು ತಟ್ಟೆ ಇಟ್ಟ. ಹಿಂದೆಲ್ಲ ಎದುರಿಗೆ ಕುರ್ಚಿ ಎಳೆದುಕೊಂಡು ಹರಟೆಗೆ ಕೂರುತ್ತಿದ್ದವನು ಈಗ ನಿಂತೇ ಇದ್ದ.

"ಹೇಗಿದೆ ಅಕ್ಕಾ?" ಎಂದು ಅವಳು ಮೀನು ಬಾಯಿಗಿಟ್ಟ ಮೇಲೆ ಅವಳನ್ನೇ ಕೇಳಿದ.

"ಇಷ್ಟು ಒಳ್ಳೆ ಮೀನು ನಾನು ತಿಂದೇ ಇಲ್ಲ ತಮ್ಮಾ. ಇನ್ನೊಂದು ತುಂಡು ಹಾಕು" ಎಂದಳು ಅವಳು.

ದೋಣಿಯವನ ಮುಖ ಅರಳಿತು. ಅವಳಿಗೆ ಒಂದು ತುಂಡು ತಂದು ಹಾಕಿದ. ಒಂದು ಕ್ಷಣ ಅನುಮಾನಿಸಿ, ರುಚಿಯಣ್ಣನ ತಟ್ಟೆಗೂ ಒಂದು ಹಾಕಿ ಒಳಗೆ ಹೋದ. ಅವನು ಅದನ್ನು ಮುರಿದು ಬಾಯಿಗಿಟ್ಟುಕೊಂಡ. ಬಿಸಿಯಾಗಿತ್ತು, ಉಪ್ಪಿತ್ತು. ಇನ್ನೇನೂ ತಿಳಿಯದಿದ್ದರೂ ತಟ್ಟೆಯಲ್ಲಿ ಒಂದು ಚೂರೂ ಬಿಡದೆ ತಿಂದ.