ಬೆಚ್ಚ ಉಂಟು

ಮೂಡುಬಿದಿರೆಯ ಆ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಖಾಲಿ ಇದ್ದದ್ದು ಒಂದೇ ಹುದ್ದೆ, ಸಂದರ್ಶನಕ್ಕೆ ಬಂದವರು ನಾವಿಬ್ಬರು. ಬೆಳ್ತಂಗಡಿಯಲ್ಲಿ ನಾನು ಪಾಠ ಮಾಡುತ್ತಿದ್ದ ಕಾಲೇಜು ಮಕ್ಕಳು ಸೇರದೆ ವಿಜ್ಞಾನ ವಿಭಾಗವನ್ನೇ ಮುಚ್ಚಿತ್ತು. ಇದೂ ಕೈತಪ್ಪಿದರೆ ಕಲ್ಲಡ್ಕದಲ್ಲಿ ಅಣ್ಣನ ಹೋಟೆಲಿನ ಕ್ಯಾಶಿನಲ್ಲಿ ಕೂರುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಅಣ್ಣ ಒಳ್ಳೆಯವನು, ಹೋಟೆಲೂ ಒಳ್ಳೆಯದೇ. ಆದರೆ ನನಗೆ ಬರುವುದು ಪಾಠ ಮಾಡುವುದೊಂದೇ, ಅದನ್ನು ಬಿಟ್ಟುಕೊಡುವ ಮನಸ್ಸು ಸುತರಾಂ ಇರಲಿಲ್ಲ.

ಸಂದರ್ಶನವೆಂದರೆ ನಿಜವಾದ ತರಗತಿಗೆ ಒಂದು ಪಾಠ ಮಾಡಿ ತೋರಿಸುವುದು. ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು, ಕನ್ನಡದಲ್ಲೇ ವಿವರಿಸಿ ಎಂದು ಪ್ರಿನ್ಸಿಪಾಲರು ಹೇಳಿದ್ದರು. ವಿಷಯಕ್ಕೆ ಅರ್ಧ, ಭಾಷೆಗೆ ಅರ್ಧ ಅಂಕ. ಅದನ್ನು ಕೊಡಲು ಧಾರವಾಡದ ಕಡೆಯಿಂದ ನಿವೃತ್ತ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ನನಗಿಂತ ಮೊದಲು ಪಾಠ ಮುಗಿಸಿದ ಯುವಕ ನಗುನಗುತ್ತಾ ಹೊರಗೆ ಬಂದ.

ನನಗೆ ಕೊಟ್ಟ ವಿಷಯ, ಎ.ಸಿ. ಕರೆಂಟು ಹರಿಯುವ ರೆಸಿಸ್ಟರಿನಲ್ಲಿ ಸರಾಸರಿ ಪವರ್ ಎಷ್ಟು ಎಂಬುದು. ಸಣ್ಣದೊಂದು ಟ್ರಾನ್ಸ್‌ಫಾರ್ಮರಿಗೆ ಬೆರಳುದ್ದದ ರೆಸಿಸ್ಟರನ್ನೂ, ನಡುವೆ ಸೊನ್ನೆ ಇರುವ ಡಿ.ಸಿ. ಮೀಟರನ್ನೂ ಜೋಡಿಸಿ ಸ್ವಿಚ್ ಹಾಕಿದೆ. ಮೀಟರಿನ ಮುಳ್ಳು ಸೊನ್ನೆಯಲ್ಲೇ ಸ್ವಲ್ಪ ನಡುಗಿ ಹಾಗೆಯೇ ನಿಂತಿತು. ನನಗೆ ಬೇಕಾದದ್ದೂ ಅದೇ.

"ಕರೆಂಟು ಆಚೆ ಹೋಗಿ ಈಚೆ ಬರ್ತದೆ. ಹೋದಷ್ಟೇ ಬರುವ ಕಾರಣ ಸರಾಸರಿ ಸೊನ್ನೆ. ಮುಳ್ಳು ತೋರಿಸುವುದು ಅದನ್ನೇ. ಆದರೆ ಪವರ್ ಬೇಕಾದರೆ ಕರೆಂಟಿನ ವರ್ಗ ತೆಗೆದು ರೆಸಿಸ್ಟೆನ್ಸಿನಿಂದ ಗುಣಿಸಬೇಕು. ವರ್ಗ ಮಾಡಿದರೆ ಮೈನಸ್ ಉಳಿಯುವುದಿಲ್ಲ. ಹೋಗುವಾಗಲೂ ಖರ್ಚು, ಬರುವಾಗಲೂ ಖರ್ಚು. ಹಾಗಾಗಿ ಪವರಿನ ಸರಾಸರಿ ಸೊನ್ನೆ ಆಗುವುದೇ ಇಲ್ಲ."

ಮಕ್ಕಳು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಪ್ರಾಧ್ಯಾಪಕರು ಎದ್ದು ಮೇಜಿನ ಹತ್ತಿರ ಬಂದರು.

"ಮುಳ್ಳು ಸೊನ್ನೀಗೆ ನಿಂತೈತಿ. ಕರೆಂಟು ಹರೀತೈತಿ ಅಂತ ಹುಡುಗರು ಹೆಂಗ ನಂಬಬೇಕ್ರಿ?"

ಅದಕ್ಕೆಂದೇ ಮೇಣದ ಚೂರು ತಂದಿದ್ದೆ. ರೆಸಿಸ್ಟರಿನ ಮೇಲಿಟ್ಟರೆ ಕರಗಿ ಹರಿಯುತ್ತಿತ್ತು. ಆದರೆ ಅವರು ಅಷ್ಟು ಹತ್ತಿರ ಬಂದು ನಿಂತಾಗ ಮೇಣವೇ ಮರೆತುಹೋಯಿತು.

"ಬಿಸಿಗಿಸಿ ಏನರ ಆಗೈತೇನ್ರಿ ಇದು?" ಎಂದು ಕೈ ಚಾಚಿದರು.

"ಬೆಚ್ಚ ಉಂಟು ಸರ್!" ಎಂದೆ.

ಅವರು ಹೆಬ್ಬೆರಳು, ತೋರುಬೆರಳಿನಲ್ಲಿ ಅದನ್ನು ಹಿಡಿದೇಬಿಟ್ಟರು.

"ಯವ್ವಾ!" ಎಂಬ ಕೂಗು ವರಾಂಡದವರೆಗೂ ಕೇಳಿರಬೇಕು. ಪ್ರಿನ್ಸಿಪಾಲರು ಓಡಿಬಂದು ಅವರನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಸ್ವಿಚ್ ಆರಿಸಿ ನಿಂತೆ. ಏನಾಯಿತೆಂದು ಆಗಷ್ಟೇ ಹೊಳೆಯಿತು. ನಮ್ಮ ತುಳುವಿನಲ್ಲಿ ಬೆಚ್ಚ ಎಂದರೆ ಬಿಸಿ, ಕೈ ಸುಡುವ ಬಿಸಿ. ಒಲೆಯ ಮೇಲಿನ ಪಾತ್ರೆಗೆ ಮಗು ಕೈ ಹಾಕಲು ಹೋದರೆ ಮನೆಯವರೆಲ್ಲ ಕೂಗುವ ಮಾತು ಅದು. ಹೆದರಿದಾಗ ನನ್ನ ಕನ್ನಡದೊಳಗೆ ತಾನಾಗಿ ನುಗ್ಗಿತ್ತು. ಧಾರವಾಡದವರ ಕಿವಿಗೆ ಅದು ಕಂಬಳಿ ಹೊದ್ದು ಕುಳಿತಷ್ಟು ಹಿತವಾಗಿ ಕೇಳಿಸಿರಬೇಕು.

ಎಲ್ಲ ಮುಗಿಯಿತು ಅನಿಸಿತು. ಚೀಲಕ್ಕೆ ಸಾಮಾನು ತುಂಬಿ ಹೊರಟುಬಿಡುವ ಎಂದುಕೊಂಡೆ. ಆದರೆ ಕೆಟ್ಟ ಸಿಟ್ಟು ಬಂತು. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು, ಉತ್ತರ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಬೇಕು, ಅದು ಬಿಟ್ಟು ಕೈ ಹಾಕುವುದೇ? ಪಾಠವನ್ನಾದರೂ ಮುಗಿಸಿಯೇ ಹೋಗುವುದೆಂದು ಸೀಮೆಸುಣ್ಣ ಎತ್ತಿಕೊಂಡೆ.

ಕರೆಂಟು ಏರಿಳಿಯುವುದು ಸೈನ್ ಅಲೆಯಂತೆ; ಅದರ ವರ್ಗವನ್ನೂ ಕೊಸೈನಿನ ವರ್ಗವನ್ನೂ ಒಂದರ ಮೇಲೊಂದು ಎಳೆದೆ. ಎರಡರ ಆಕಾರವೂ ಒಂದೇ, ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಕೂಡಿಸಿದರೆ ಯಾವಾಗಲೂ ಒಂದು. ಹಾಗಾದರೆ ಸರಾಸರಿಯಲ್ಲಿ ಒಂದೊಂದರ ಪಾಲು ಎಷ್ಟು ಎಂದು ಕೇಳಿದೆ. "ಅರ್ಧ!" ಎಂದರು ಮಕ್ಕಳು. ಸರಾಸರಿ ಪವರ್ ಎಂದರೆ ಗರಿಷ್ಠ ಪವರಿನ ಅರ್ಧ ಎಂದು ಬರೆದು ಗೆರೆ ಎಳೆದೆ. ತಿರುಗಿ ನೋಡಿದರೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

ಪ್ರಾಧ್ಯಾಪಕರು ಒದ್ದೆ ಕರವಸ್ತ್ರದಲ್ಲಿ ಬೆರಳು ಸುತ್ತಿಕೊಂಡು ಮುಂದಿನ ಬೆಂಚಿನಲ್ಲಿ ಕುಳಿತರು. ಅಂಕದ ಹಾಳೆಯನ್ನು ಪ್ರಿನ್ಸಿಪಾಲರ ಕಡೆ ತಳ್ಳಿದರು.

"ಪೆನ್ನು ಹಿಡಿಯಾಕ ಆಗವಲ್ದು, ನೀವ ಬರೀರಿ. ವಿಷಯಕ್ಕ ಪೂರ್ತಿ ಹಾಕ್ರಿ. ಭಾಷೆಗೆ ಸೊನ್ನಿ."

ಪಿಸುಮಾತು ಎಂಬುದು ಅವರಿಗೆ ಗೊತ್ತೇ ಇರಲಿಲ್ಲವೋ ಏನೋ, ಇಡೀ ತರಗತಿಗೆ ಕೇಳಿತು.

"ಆಗ ಒಟ್ಟು ಅರ್ಧವೇ ಆಗ್ತದೆ ಸರ್," ಎಂದರು ಪ್ರಿನ್ಸಿಪಾಲರು ತಗ್ಗಿದ ದನಿಯಲ್ಲಿ. "ಮೊದಲು ಬಂದವರಿಗೆ ಅದಕ್ಕಿಂತ ಹೆಚ್ಚು ಉಂಟು."

ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

"ಸರ್, ನಾನು ಹೇಳಿದ್ದೆ. ಬೆಚ್ಚ ಉಂಟು ಅಂತ."

"ಬೆಚ್ಚಗೈತಿ ಅಂದ್ರ ಕೈ ಸುಡ್ತೈತಿ ಅಂತ ಯಾರಿಗೆ ತಿಳೀತದ್ರಿ?"

"ಇವರನ್ನು ಕೇಳಿ ಸರ್."

ಅವರು ಬೆಂಚಿನಲ್ಲೇ ಹಿಂದಕ್ಕೆ ತಿರುಗಿದರು. "ಬೆಚ್ಚ ಉಂಟು ಅಂತ ಹೇಳಿದ್ರ ನೀವು ಅದನ್ನ ಮುಟ್ಟತಿದ್ರೇನು?"

"ಇಲ್ಲ ಸರ್!" ಎಂದಿತು ತರಗತಿ ಒಂದೇ ದನಿಯಲ್ಲಿ. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ನಿಧಾನವಾಗಿ ಎದ್ದು ನಿಂತಳು. "ಮೇಡಂ ಹೇಳಿದ ಮೇಲೂ ನೀವು ಯಾಕೆ ಮುಟ್ಟಿದ್ದು ಅಂತ ನಮಗೆ ಗೊತ್ತೇ ಆಗಲಿಲ್ಲ ಸರ್."

ಈ ಸಲ ಯಾರೂ ನಗಲಿಲ್ಲ. ಪ್ರಾಧ್ಯಾಪಕರು ಕರವಸ್ತ್ರ ಬಿಚ್ಚಿ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಪಾಠ ಯಾರಿಗ್ರಿ, ನನಗೋ ಇವರಿಗೋ?" ಎಂದು ಕೊನೆಗೆ ಕೇಳಿದರು.

"ಇವರಿಗೇ ಸರ್," ಎಂದರು ಪ್ರಿನ್ಸಿಪಾಲರು.

"ಹಂಗಾದ್ರ ಆ ಸೊನ್ನಿ ಹೊಡದು ಹಾಕ್ರಿ. ಅಲ್ಲೂ ಪೂರ್ತಿ ಬರೀರಿ."

ಪ್ರಿನ್ಸಿಪಾಲರು ಸೊನ್ನೆಯ ಮೇಲೆ ಗೆರೆ ಎಳೆದು ಪೂರ್ತಿ ಅಂಕ ಬರೆದು, "ಈಗ ಇವರದ್ದೇ ಹೆಚ್ಚು ಸರ್," ಎಂದರು. ದೊಡ್ಡವರು ಏಳುವ ಮೊದಲೇ, ಯಾರ ಅನುಮತಿಯನ್ನೂ ಕೇಳದೆ ಮೇಜಿನ ಹಿಂದಿದ್ದ ಅಧ್ಯಾಪಕರ ಕುರ್ಚಿಯಲ್ಲಿ ಕುಳಿತುಬಿಟ್ಟೆ.